ಬಿಲ್ಲಿನಲ್ಲಿ ಅಂಗಡಿಯಾದ ಗೊಂಬೆ ಮನೆ

ನನ್ನವರು ಬ್ಯಾಂಕಿನಿಂದ ನಿವೃತ್ತರಾಗಿ, ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲೇ ಫ್ಲ್ಯಾಟ್ ಕೊಂಡು ನೆಲೆ ನಿಂತ ಮರುವರ್ಷದ ಮಾತು. ಆಸ್ತಿ ತೆರಿಗೆಯ ಬಿಲ್ಲಿನಲ್ಲಿದ್ದ ದೊಡ್ಡ ಮೊತ್ತ ನೋಡಿ, ಯಾರದೋ ತಪ್ಪಿ ನಮಗೆ ಬಂದಿದೆ ಅಂದುಕೊಂಡೆ. ಹೆಸರು ನಮ್ಮದೇ ಇತ್ತು. ಗುಜರಾತಿ ಓದಲು ಬಾರದ ನಾನು ಪಕ್ಕದ ಮನೆಯ ಜಿಗ್ನಾಬೆನ್ ಹತ್ತಿರ ಓದಿಸಿದೆ. ನಮ್ಮ ಮನೆಯನ್ನು ಅಂಗಡಿ ಎಂದು ಬರೆದಿದ್ದರು!

ಆಗ ಹಿಂದಿನ ನವರಾತ್ರಿಯಲ್ಲಿ ಕಾರ್ಪೊರೇಷನ್ನಿನಿಂದ ಸರ್ವೆಗೆ ಬಂದಿದ್ದವನ ನೆನಪಾಯಿತು. ನಾವು ಮೈಸೂರಿನವರು, ದಸರೆಗೆ ಗೊಂಬೆ ಕೂರಿಸುವವರು. ಊರೂರಿಗೆ ವರ್ಗವಾಗುವಾಗ ಒಂದೂ ಕಳೆಯಬಾರದೆಂದು ಪ್ರತಿ ಗೊಂಬೆಗೂ ನಂಬರಿನ ಚೀಟಿ ಅಂಟಿಸಿಟ್ಟಿದ್ದೆ. ಅವತ್ತು ಬಾಗಿಲಲ್ಲಿ ಚಪ್ಪಲಿ ರಾಶಿ, ಒಳಗೆ ಮೆಟ್ಟಿಲ ತುಂಬ ಚೀಟಿ ಅಂಟಿದ ಗೊಂಬೆಗಳು, ಗೊಂಬೆ ಬಾಗಿನದ ತಿಂಡಿ ಪೊಟ್ಟಣ ಹಿಡಿದು ಹೊರಡುತ್ತಿದ್ದ ಹೆಂಗಸರು. ಆತ ಹೊಸಿಲಾಚೆಯೇ ನಿಂತು ಬರೆದುಕೊಂಡು ಹೋದ. ಚೀಟಿಯಲ್ಲಿರುವುದು ಬೆಲೆ ಅಂದುಕೊಂಡಿರಬೇಕು.

ನನಗೆ ಮೈಯೆಲ್ಲ ಉರಿದುಹೋಯಿತು. "ಕಟ್ಟಿಬಿಡೋಣ, ಈ ವಯಸ್ಸಲ್ಲಿ ಕಚೇರಿ ಅಲೆಯೋಕಾಗುತ್ತಾ?" ಅಂದರು ಇವರು. ಸುಮ್ಮನೆ ಕಟ್ಟಿದರೆ ಅಂಗಡಿ ಎಂದು ನಾವೇ ಒಪ್ಪಿಕೊಂಡ ಹಾಗೆ. ಈ ಪರ ಊರಿನಲ್ಲಿ ಇನ್ನು ಗೊಂಬೆ ಕೂರಿಸುವ ಸಹವಾಸವೇ ಬೇಡ ಎಂದು, ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳ ಸಮೇತ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದೆ. ಆಮೇಲೆ ಒಬ್ಬಳೇ ಕೂತು ಅತ್ತೆ.

ದಾರಿ ತೋರಿಸಿದ್ದು ಜಿಗ್ನಾಬೆನ್. ಬಿಲ್ಲು ತಪ್ಪಾಗಿದ್ದರೆ ಗಡುವಿನೊಳಗೆ ವಾಂಧಾ ಅರ್ಜಿ, ಅಂದರೆ ಆಕ್ಷೇಪಣೆ, ಕೊಡಬಹುದು. ವಿಚಾರಣೆಗೆ ಕರೆಯುತ್ತಾರೆ ಎಂದರು. ಮನೆ ಬಳಕೆಯ ಕರೆಂಟ್ ಬಿಲ್ಲು, ಇಲ್ಲಿ ವ್ಯಾಪಾರವಿಲ್ಲವೆಂಬ ಸೊಸೈಟಿಯ ಪತ್ರ ಎಲ್ಲ ಸೇರಿಸಿ ಕೊಟ್ಟೆವು.

ವಿಚಾರಣೆಯ ದಿನ ಅಧಿಕಾರಿ ಕಾಗದ ನೋಡಿ, ನಮ್ಮ ಸರ್ವೆಯವರು ಕಣ್ಣಾರೆ ಕಂಡು ಬರೆದಿದ್ದಾರಲ್ಲ ಎಂದರು. ನನಗೆ ತಡೆಯಲಾಗಲಿಲ್ಲ. ನನ್ನ ಹರಕು ಮುರುಕು ಹಿಂದಿಯಲ್ಲೇ ಕೇಳಿದೆ: "ಸಾಹೇಬರೇ, ತಾಯಿ ಮದುವೇಲಿ ಕೊಟ್ಟ ಗೊಂಬೆಗಳನ್ನ ಯಾರಾದರೂ ಅಂಗಡಿ ಹಾಕಿ ಮಾರ್ತಾರಾ?"

ಅವರು ಕಾಗದಗಳನ್ನು ಮಡಿಸಿಟ್ಟು, ಈ ನವರಾತ್ರಿಯಲ್ಲೂ ಕೂರಿಸಿ, ನಾನೇ ಬಂದು ನೋಡುತ್ತೇನೆ ಎಂದರು. ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಚೀಟಿ ಕಿತ್ತುಹಾಕು ಎಂದು ಇವರು ಗೋಗರೆದರು. ಇದ್ದದ್ದನ್ನು ಇದ್ದ ಹಾಗೇ ನೋಡಲಿ ಎಂದು ನಾನು ಕೀಳಲಿಲ್ಲ.

ನವರಾತ್ರಿಯ ಒಂದು ಸಂಜೆ ಅಧಿಕಾರಿ ಬಂದಾಗ ಮನೆ ತುಂಬ ಜನ. ಹೋದ ವರ್ಷ ತಾವೇ ಪೊಟ್ಟಣಕ್ಕೆ ದುಡ್ಡು ಕೊಡಹೋಗಿ ನನ್ನಿಂದ ಬೈಸಿಕೊಂಡ ಕಥೆಯನ್ನು ಜಿಗ್ನಾಬೆನ್ ಅವರಿಗೆ ಹೇಳಿದರು. ಅಧಿಕಾರಿ ಬಗ್ಗಿ ಚೀಟಿಗಳನ್ನು ಓದಿದರು. "ರಾಜನಿಗೆ ಒಂದು ರೂಪಾಯಿ, ರಾಣಿಗೆ ಎರಡು. ಇದು ಬೆಲೆಯಾದರೆ ನಾನೇ ಎಲ್ಲ ಕೊಳ್ಳುತ್ತೇನೆ" ಎಂದು ನಕ್ಕರು. ಹೊರಡುವಾಗ ಕೊಬ್ಬರಿ ಮಿಠಾಯಿಯ ಪೊಟ್ಟಣ ಕೊಟ್ಟರೆ, ತನಿಖೆಗೆ ಬಂದವನು ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಕೈಮುಗಿದುಬಿಟ್ಟರು.

ಕೆಲವು ವಾರಕ್ಕೆ ಆದೇಶ ಬಂತು. ನಮ್ಮ ಮನೆ ಮತ್ತೆ ಮನೆಯಾಯಿತು. ಈಗ ಬಿಲ್ಲು ಬಂದರೆ ಮೊತ್ತಕ್ಕಿಂತ ಮೊದಲು ಬಳಕೆ ಏನೆಂದು ಬರೆದಿದ್ದಾರೆ ಅಂತ ಓದಿಸಿಕೊಳ್ಳುತ್ತೇನೆ.

ಈ ಸಲದ ನವರಾತ್ರಿಯಲ್ಲಿ ಬಾಗಿಲು ತೆರೆದರೆ ಅದೇ ಅಧಿಕಾರಿ, ಜೊತೆಗೆ ಅವರ ತಾಯಿ. "ಇವತ್ತು ತನಿಖೆಗೆ ಬಂದಿಲ್ಲ. ಹೋದ ವರ್ಷದ ಮಿಠಾಯಿ ಬಾಕಿ ಇದೆ" ಅಂದರು. ಚಪ್ಪಲಿ ರಾಶಿಯಲ್ಲಿ ಜಾಗ ಮಾಡಿಕೊಂಡು ತಮ್ಮದನ್ನೂ ಬಿಟ್ಟು ಒಳಗೆ ಬಂದರು. ಪರ ಊರು ಅನ್ನುವ ಮಾತು ಅವತ್ತಿನಿಂದ ನನ್ನ ಬಾಯಲ್ಲಿ ಬಂದಿಲ್ಲ.