ಹೊಲದ ಮೃತ್ಯುಪತ್ರದಲ್ಲಿ ನಮ್ಮಜ್ಜಿಯ ಹೆಸರು

ಗೆಳತಿಯರೇ, ಇವತ್ತು ಇಂಡಿ ಪಟ್ಟಣದ ನೋಂದಣಿ ಕಚೇರಿಯಲ್ಲಿ ತಮ್ಮನ ಮಗನಿಗೇ ಒಂದು ಪಾಠ ಹೇಳಿ ಬಂದೆ. ಸಾಲಿ ಮಾಸ್ತರನಾದ ಈ ಶಿವಪ್ಪ ನಮ್ಮ ಮನೆತನದ ವಂಶಾವಳಿ ಬರೆಯುತ್ತಿದ್ದಾನೆ. ತಾಂಬಾ ಊರಿನ ಹೊಲ ನನ್ನಜ್ಜ ಕೊಂಡದ್ದೆಂದು ಬರೆದುಬಿಟ್ಟಿದ್ದ. ಅದು ಅಜ್ಜಿಗೆ ತವರಿನಿಂದ ಬಂದದ್ದು, ಮೃತ್ಯುಪತ್ರ ಬರೆಸಿ ನಮ್ಮಪ್ಪನಿಗೆ ಬಿಟ್ಟವಳೂ ಅವಳೇ ಎಂದರೆ ನಂಬಲೊಲ್ಲ.

ಶಿವಪ್ಪ ಕೊಟ್ಟ ಅಜ್ಜಿಯ ಹೆಸರು ಹಿಡಿದು ಕಾರಕೂನರು ಹಳೆಯ ಪುಸ್ತಕ ತಿರುವಿ, "ಗಂಗಾಬಾಯಿ ಅನ್ನೋರು ಯಾರೂ ಇಲ್ರಿ ಯವ್ವಾ" ಎಂದರು.

"ನಾ ಹೇಳಿದ್ನಿಲ್ಲ ಅತ್ತಿ? ಆಗ ಹೆಣ್ಮಕ್ಕಳು ಎಲ್ಲಿ ಮೃತ್ಯುಪತ್ರ ಬರಸ್ತಿದ್ರು?" ಎಂದ ಶಿವಪ್ಪ.

"ಸುಮ್ನ ಕೂಡೋ. ಗಂಗಾಬಾಯಿ ಅನ್ನೋದು ಲಗ್ನದಾಗ ಗಂಡನ ಮನಿಯವ್ರು ಇಟ್ಟ ಹೆಸರು. ಹೊಲ ತವರಮನಿದು. ನೀಲವ್ವ ಅಂತ ನೋಡ್ರಿ ಸಾಹೇಬ್ರ."

ನಾಲ್ಕು ಹಾಳೆ ತಿರುವಿದರೆ ನೀಲವ್ವ ಸಿಕ್ಕಳು. ಅದೇ ತಾಂಬಾದ ಹೊಲ, ಕೆಳಗೆ ಅವಳ ಹೆಬ್ಬೆಟ್ಟು.

ಶಿವಪ್ಪ ಮೆಲ್ಲಗೆ, "ಅತ್ತಿ, ವಂಶಾವಳಿಯೊಳಗ ಮುತ್ತಜ್ಜಿದು ಯಾವ ಹೆಸರು ಬರೀಲಿ?" ಎಂದ.

"ಎರಡೂ ಬರಿ. ಇಲ್ಲೀತನಕ ಒಂದೂ ಬರ್ದಿದ್ದಿಲ್ಲ."

ಜಾಗ ಸಾಲದು ಎಂದು ಗೊಣಗಿದ. ಅಜ್ಜನಿಗೆ ಇದ್ದದ್ದು ಒಂದೇ ಹೆಸರು, ಅವನು ಸ್ವಲ್ಪ ಸರಿದು ಕೂಡಲಿ.