ಕಾಶವ್ವಾಯಿಯ ಕೈಯಲ್ಲಿ ತಪ್ಪಿದ ಬಡಿತ

ಮುನ್ಸೂಚನೆ, ಒಳಗಿನ ದನಿ ಎಂದೆಲ್ಲ ಯಾರಾದರೂ ಹೇಳಿದರೆ ನಾನು ಮೊದಲು ನಗುತ್ತಿದ್ದೆ. ಸಿಂದಗಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನಡೆಸುವುದು ನನ್ನ ಕೆಲಸ. ಕಣ್ಣಿಗೆ ಕಂಡ ಅಂಕಿ ಬಿಟ್ಟು ಬೇರೇನನ್ನೂ ನಂಬಿದವನಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ.

ಯಂಕಂಚಿಯಿಂದ ವಾರಕ್ಕೆ ಮೂರು ಸಲ ಬರುವ ಕಾಶವ್ವಾಯಿ ಬಾಯಿಚಪಲದ ಮುದುಕಿ. ಬಾಳೆಹಣ್ಣು, ಮೋಸಂಬಿ ಏನನ್ನೂ ಬಿಡುತ್ತಿರಲಿಲ್ಲ. ಮೂತ್ರಪಿಂಡ ಕೆಟ್ಟವರಿಗೆ ಇವುಗಳಲ್ಲಿನ ಪೊಟ್ಯಾಷಿಯಂ ವಿಷವಿದ್ದಂತೆ. ಅದು ಏರಿದರೂ ಎದೆಬಡಿತ ಕೆಡುತ್ತದೆ, ತೀರಾ ಇಳಿದರೂ ಕೆಡುತ್ತದೆ. ಒಂದು ಶುಕ್ರವಾರ ನಾನು ಸಿಟ್ಟಿಗೆದ್ದು, "ಆಯಿ, ಹಿಂಗ ತಿಂದ್ರ ಎದಿ ನಿಂತ ಹೋಗ್ತೈತಿ ನೋಡ್ರಿ" ಎಂದು ಎಲ್ಲರೆದುರು ಬೈದುಬಿಟ್ಟೆ.

ಸೋಮವಾರ ಬೆಳಿಗ್ಗೆ ಬಂದರು. ನಡುವೆ ಎರಡು ದಿನದ ಬಿಡುವಿದ್ದುದರಿಂದ ಪೊಟ್ಯಾಷಿಯಂ ಏರಿರುತ್ತದೆಂದು, ಅದು ಕಡಿಮೆ ಇದ್ದು ರಕ್ತದಿಂದ ಹೆಚ್ಚು ಎಳೆದುಕೊಳ್ಳುವ ದ್ರಾವಣದ ಕ್ಯಾನನ್ನೇ ರೂಢಿಯಂತೆ ಯಂತ್ರಕ್ಕೆ ಜೋಡಿಸಿದ್ದೆ. ಸೂಜಿ ಚುಚ್ಚುವ ಮುನ್ನ ತೋಳಿನ ಉಬ್ಬಿದ ನರದ ಮೇಲೆ ಬೆರಳಿಟ್ಟು ರಕ್ತದ ಹರಿವು ನೋಡುತ್ತೇವೆ. ಇಟ್ಟೆ. ನಾಲ್ಕು ಬಡಿತ ಬಂತು, ಐದನೆಯದು ಬರಲಿಲ್ಲ. ಮತ್ತೆ ನಾಲ್ಕು, ಮತ್ತೆ ಖಾಲಿ. ಮಾನಿಟರ್ ನೋಡಿದರೆ ಬಡಿತ ಒಂದೂ ತಪ್ಪಿಲ್ಲ. ಸಿಸ್ಟರ್ ಮುಟ್ಟಿ ನೋಡಿದರು, ಸರಿಯಾಗಿದೆ ಎಂದರು. ಇಸಿಜಿಯೂ ಸರಿಯಾಗಿತ್ತು.

"ನಿನ್ನ ಬೆರಳಿಗೇ ಔಷಧ ಕೊಡಬೇಕು ನೋಡು," ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ರಕ್ತ ಪರೀಕ್ಷೆಯಾಗದೆ ಸೂಜಿ ಚುಚ್ಚಲಾರೆ ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಡಾಕ್ಟರಿಗೆ ಎದುರಾಡಿದವನೇ ಅಲ್ಲ.

ಅರ್ಧ ಗಂಟೆಗೆ ವರದಿ ಬಂತು. ಪೊಟ್ಯಾಷಿಯಂ ತಳ ಮುಟ್ಟಿತ್ತು. ಡಾಕ್ಟರು ಅದನ್ನು ಎರಡು ಸಲ ಓದಿದರು. ಆ ಕ್ಯಾನಿನಿಂದಲೇ ಯಂತ್ರ ಓಡಿಸಿದ್ದರೆ ಇದ್ದಷ್ಟೂ ಸೋರಿ, ಕಾಶವ್ವಾಯಿಯ ಎದೆ ಅಲ್ಲೇ ತಾಳ ತಪ್ಪಬಹುದಿತ್ತು.

"ಏನ್ ಮಾಡ್ಕೊಂಡ್ರಿ ಆಯಿ?" ಎಂದು ಕೇಳಿದೆ.

"ನೀನ ಬೈದಿದ್ದಿ ಅಲ್ಲೋ ತಮ್ಮಾ. ಎರಡು ದಿನ ಬರೇ ಗಂಜಿ ಕುಡದೀನಿ. ಪೊಟ್ಯಾಷಿಯಂ ಇಳಸೂ ಪುಡಿ ಕೊಟ್ಟಿದ್ರಲ್ಲಾ, ಅದನ್ನೂ ಒಂದಕ್ಕ ಮೂರು ತೊಗೊಂಡೆ. ಹೊಟ್ಟಿ ಪೂರಾ ತೊಳದು ಹೋತು. ಇವತ್ತರ ನೀ ನನ್ನ ಶಾಣ್ಯಾಕಿ ಅಂತೀದಿ ಅನ್ಕೊಂಡಿದ್ದೆ."

ನನಗೆ ಅಳು ಬಂದುಬಿಟ್ಟಿತು. ಕ್ಯಾನು ಬದಲಿಸಿ, ಆ ನಾಲ್ಕು ತಾಸೂ ಅವರ ಮಂಚ ಬಿಟ್ಟು ಕದಲಲಿಲ್ಲ. ಏನೂ ಆಗಲಿಲ್ಲ. ಸಂಜೆ ಅವರು ಯಂಕಂಚಿ ಬಸ್ಸು ಹತ್ತಿದಾಗ ನನಗೆ ಹೋದ ಜೀವ ಬಂದಂತಾಯಿತು.

ಬಡಿತ ನಿಜವಾಗಿಯೂ ತಪ್ಪಿತ್ತೇನೋ ಎಂದು ಆಮೇಲೆ ಮಾನಿಟರಿನ ದಾಖಲೆಯನ್ನೆಲ್ಲ ತೆಗೆಸಿ ನೋಡಿದೆ. ನಾನು ಬೆರಳಿಟ್ಟಿದ್ದ ಹೊತ್ತಿನಲ್ಲಿ ಒಂದೂ ತಪ್ಪಿರಲಿಲ್ಲ. ಆಮೇಲೆ ಎಷ್ಟೋ ತೋಳು ಮುಟ್ಟಿದ್ದೇನೆ, ಹಾಗೆ ಮತ್ತೆಂದೂ ಆಗಿಲ್ಲ. ಇನ್ನೂ ಆಗದೇ ಇದ್ದ ಒಂದು ಸಾವು ಅವತ್ತು ನನ್ನ ಬೆರಳಿಗೆ ಹೇಗೆ ತಾಕಿತೋ ನನಗೆ ತಿಳಿಯದು. ಆದರೆ ಅಂದಿನಿಂದ ಯಾರನ್ನೂ ಸಾವಿನ ಹೆಸರು ಹೇಳಿ ಹೆದರಿಸಿಲ್ಲ.