ರಜೆ ಅರ್ಜಿಯಲ್ಲಿ ಬರೆದ ಕುದುರೆ

ಕೊಲ್ಲಿ ದೇಶದ ಈ ಅರಾದ್‌ನ ಸಿಗ್ನಲ್‌ನಲ್ಲಿ ಇವತ್ತು ನನ್ನ ಕಾರಿನ ಪಕ್ಕ ಹಸಿ ಮೇವು ತುಂಬಿದ ಪಿಕಪ್ ಬಂದು ನಿಂತಿತು. ಗಾಜು ಏರಿಸಿದ್ದರೂ ವಾಸನೆ ಒಳಗೆ ಬಂತು. ದೋರ್ಜೆ ಭಯ್ಯಾ ನೆನಪಾದರು.

ನಾಲ್ಕು ವರ್ಷದ ಹಿಂದೆ ಪ್ರತಿ ಶುಕ್ರವಾರ ಬೆಳಿಗ್ಗೆ ಇಲ್ಲೇ ಒಂದು ಲಾಯಕ್ಕೆ ಕುದುರೆ ಸವಾರಿ ಕಲಿಯಲು ಹೋಗುತ್ತಿದ್ದೆ. ಯಾಕೆ ಎಂದು ಕೇಳಬೇಡಿ. ಮಂಗಳೂರಿನಲ್ಲಿ ಸೈಕಲ್ಲಿಗೂ ಹೆದರುತ್ತಿದ್ದವಳು ನಾನು. ಆ ಲಾಯ ನೋಡಿಕೊಳ್ಳುತ್ತಿದ್ದವರು ಹಿಮಾಚಲದ ಸ್ಪಿತಿ ಕಡೆಯ ದೋರ್ಜೆ. ನಮ್ಮ ಮಾತೆಲ್ಲ ಹಿಂದಿಯಲ್ಲಿ.

“ಮೇಡಂ, ನೀವು ಸವಾರಿ ಮಾಡ್ತಿಲ್ಲ, ಹಿಟ್ಟಿನ ಮೂಟೆ ಥರ ಕೂತಿದ್ದೀರಿ. ನಮ್ಮೂರ ಕುದುರೆಯಾದ್ರೆ ಬೇಜಾರು ಮಾಡ್ಕೊಳ್ತಿರಲಿಲ್ಲ. ಅದಕ್ಕೆ ಮೂಟೆ ಅಭ್ಯಾಸ.”

ಅವರೂರಿನ ಕುದುರೆ ಕುಳ್ಳು, ಕಾಲು ದಪ್ಪ, ಹಣೆ ಮುಚ್ಚುವಷ್ಟು ಕೂದಲು. ಹಿಮ ಬಿದ್ದು ದಾರಿ ಕಾಣದಾದಾಗ ಲಗಾಮು ಸಡಿಲ ಬಿಟ್ಟರೆ ಸಾಕು, ತಾನೇ ಘಟ್ಟ ದಾಟಿಸಿ ಮನೆ ಮುಟ್ಟಿಸುತ್ತದಂತೆ. ಇಲ್ಲಿನ ಅರಬ್ಬಿ ಕುದುರೆಗಳ ಮೈಯನ್ನು ಪ್ರೀತಿಯಿಂದಲೇ ಉಜ್ಜುತ್ತ, “ಇವು ಮದುಮಕ್ಕಳು” ಎಂದು ಮೂಗು ಮುರಿಯುತ್ತಿದ್ದರು. ಅವರ ಸ್ವಂತ ಹೆಣ್ಣು ಕುದುರೆ ಪೆಮಾ, ತಮ್ಮನ ಹತ್ತಿರ ಊರಲ್ಲಿತ್ತು.

ಒಂದು ಶುಕ್ರವಾರ ಬ್ರಷ್ ಕೆಳಗಿಟ್ಟು ಬಂದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

“ರಜೆಗೆ ಒಂದು ಅರ್ಜಿ ಬರೆದುಕೊಡಿ ಮೇಡಂ. ಮನೆಯಲ್ಲಿ ಹುಷಾರಿಲ್ಲ ಅಂತ.”

“ಯಾರಿಗೆ ಭಯ್ಯಾ?”

“ಪೆಮಾಗೆ. ಎದ್ದು ನಿಲ್ತಾನೇ ಇಲ್ವಂತೆ.”

ನಾನೇನು ಮಾಡಿದೆ ಗೊತ್ತೆ? ‘ನನ್ನ ಕುದುರೆಗೆ ತೀವ್ರ ಕಾಯಿಲೆ’ ಎಂದು, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದೆ. ಪೆಮಾಳ ವಯಸ್ಸನ್ನೂ ಕೇಳಿ ಸೇರಿಸಿದೆ. ಅವರು ನಂಬಿ ಸಹಿ ಹಾಕಿದರು.

ಲಾಯದ ಮ್ಯಾನೇಜರ್ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ನಕ್ಕರಂತೆ. “ಇಲ್ಲಿ ಹದಿನಾಲ್ಕು ಕುದುರೆ ಇದೆ, ಯಾವುದನ್ನಾದ್ರೂ ಅಪ್ಪಿಕೊಂಡು ಅಳು” ಅಂದರಂತೆ. ರಜೆ ಸಿಗಲಿಲ್ಲ.

“ಕುದುರೆ ಅಂತ ಬರೆದಿದ್ರಾ ಮೇಡಂ?” ಮುಂದಿನ ವಾರ ದೋರ್ಜೆ ಕೇಳಿದ್ದು ಇಷ್ಟೇ.

“ನಿಜ ಅದೇ ಅಲ್ವಾ ಭಯ್ಯಾ?”

“ನಿಜವೇ” ಎಂದು ನನ್ನ ಜೀನು ಬಿಗಿದುಕೊಟ್ಟರು.

ಪೆಮಾ ಆ ತಿಂಗಳೇ ಸತ್ತಳು. ನಾನು ಸವಾರಿ ಬಿಟ್ಟೆ. ಬೆನ್ನುನೋವು ಎಂದು ಲಾಯಕ್ಕೆ ಮೆಸೇಜ್ ಹಾಕಿದೆ. ನನಗಾಗಿ ಸುಳ್ಳು ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಹಿಂದಿನ ಕಾರು ಹಾರನ್ ಹೊಡೆದಾಗ ಮೇವಿನ ಪಿಕಪ್ ಮುಂದೆ ಹೋಗಿಯಾಗಿತ್ತು. ಸಿತ್ರಾದ ನಮ್ಮ ಆಫೀಸಿನಲ್ಲಿ ಅರ್ಜಿ ಬರೆಸುವವರೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಇವತ್ತು ನಾನು ತಲುಪುವ ಹೊತ್ತಿಗೆ ಡ್ರೈವರ್ ಸಲೀಂ ಭಾಯ್ ಮೇಜಿನ ಬಳಿ ಕಾಯುತ್ತಿದ್ದರು.

“ಊರಲ್ಲಿ ಹುಷಾರಿಲ್ಲ ಮೇಡಂ. ಒಂದು ಲೆಟರ್...”

ಯಾರಿಗೆ ಎಂದು ಕೇಳದೆ ಕಂಪ್ಯೂಟರ್ ತೆರೆದೆ. “ಕೂತ್ಕೊಳ್ಳಿ. ಎಷ್ಟು ದಿನ ಬೇಕು?”